ಸ್ಕೇಲ್ ಸರಿ ಬಂದ್ರೆ ಬಾರ್ಡರ್ ಕಟ್, ಬಾರ್ಡರ್ ಬಂದ್ರೆ ಸ್ಕೇಲ್ ತಪ್ಪು – ಸಹಾಯ ಬೇಕು

ಆಟೋಕ್ಯಾಡ್‌ನಲ್ಲಿ ಪ್ಲಾನ್ ಮಿಲಿಮೀಟರ್‌ನಲ್ಲೇ, ಮಾಡೆಲ್ ಸ್ಪೇಸ್‌ನಲ್ಲಿ (ನಕ್ಷೆ ಬರೆಯೋ ಜಾಗ) 1:1, ಅಂದ್ರೆ ನಿಜವಾದ ಅಳತೆಯಲ್ಲೇ ಬರೆದಿದೆ. ಲೇಔಟ್ (ಪ್ರಿಂಟ್‌ಗೆ ಸಿದ್ಧ ಮಾಡೋ ಹಾಳೆ) ಎ3, ಅಂದ್ರೆ 420×297 ಮಿಮೀ. ಬಾರ್ಡರ್ 410×287, ಸುತ್ತ 5 ಮಿಮೀ ಬಿಟ್ಟಿದೆ. ವ್ಯೂಪೋರ್ಟ್ (ಲೇಔಟ್‌ನಲ್ಲಿ ಪ್ಲಾನ್ ಕಾಣಿಸೋ ಕಿಟಕಿ) ಒಳಗೆ ಜೂಮ್ ಕೊಟ್ಟು 1/50ಎಕ್ಸ್‌ಪಿ (ಕಾಗದದ ಮೇಲೆ 1:50 ಸ್ಕೇಲ್) ಹಾಕಿ, ಆಮೇಲೆ ಡಿಸ್‌ಪ್ಲೇ ಲಾಕ್ ಮಾಡಿದ್ದೀನಿ. ಹಾಗಾಗಿ ಮೌಸ್ ವೀಲ್ ತಿರುಗಿ ಸ್ಕೇಲ್ ಕೆಟ್ಟಿರೋ ಸಾಧ್ಯತೆ ಇಲ್ಲ.

ಪ್ಲಾಟ್‌ನಲ್ಲಿ ಲೇಔಟ್, 1:1, ಫುಲ್ ಬ್ಲೀಡ್ (ಅಂಚಿನವರೆಗೂ ಮುದ್ರಿಸೋ) ಎ3. ಪಿಡಿಎಫ್‌ನಲ್ಲಿ ಅಳೆದ್ರೆ 5000 ಮಿಮೀ ಗೋಡೆ ಸರಿಯಾಗಿ 100 ಮಿಮೀ. ತೊಂದರೆ ಬರೋದು ಕಾಗದದ ಮೇಲೆ. ‘ಫಿಟ್’ ಅಂತ ಪ್ರಿಂಟ್ ಕೊಟ್ರೆ ಬಾರ್ಡರ್ ಪೂರ್ತಿ ಬರುತ್ತೆ, ಆದ್ರೆ ಗೋಡೆ 97 ಮಿಮೀಗೆ ಇಳಿಯುತ್ತೆ. ಸೈಟ್‌ನಲ್ಲಿ ಸ್ಕೇಲ್ ಇಟ್ಟು ಅಳೆಯೋರಿಗೆ 5000 ಬದಲು 4850 ಸಿಗುತ್ತೆ, ಇದು ಸಣ್ಣ ತಪ್ಪಲ್ಲ. ‘ಆಕ್ಚುವಲ್ ಸೈಜ್’ ಕೊಟ್ರೆ 100 ಸರಿ, ಬಲಗಡೆ ಬಾರ್ಡರ್ ಗೆರೆ ಮಾಯ. ಪಿಸಿ3 ಫೈಲಲ್ಲಿ (ಆಟೋಕ್ಯಾಡ್‌ನ ಪ್ರಿಂಟರ್ ಸೆಟ್ಟಿಂಗ್ ಫೈಲ್) ಮಾರ್ಜಿನ್ ಸೊನ್ನೆ ಮಾಡಿ ನೋಡಿದೆ, ಪ್ರಿಂಟರ್ ಅಂಚಿನವರೆಗೆ ಮುದ್ರಿಸೋದೇ ಇಲ್ಲ.

ವ್ಯೂಪೋರ್ಟ್ ಮುಟ್ಟದೆ ಬಾರ್ಡರನ್ನಷ್ಟೇ ಸ್ಟ್ರೆಚ್ ಮಾಡಿ 400×277ಕ್ಕೆ ಇಳಿಸೋದೇ ದಾರಿಯಾ? ಅಥವಾ ಬಾರ್ಡರ್ ಹಾಗೇ ಇಟ್ಟುಕೊಂಡು 1:50 ಉಳಿಸೋ ಪ್ಲಾಟ್ ಸೆಟ್ಟಿಂಗ್ ಬೇರೆ ಏನಾದ್ರೂ ಇದೆಯಾ?