ಆರ್ಟ್ ಗ್ಯಾಲರಿಯನ್ನು ಸಭೆ-ಸಮಾರಂಭಕ್ಕೆ ಕೊಟ್ಟವರು, ತಗೊಂಡವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಾನು, ನನ್ನ ಅಕ್ಕ ಸೇರಿ ಸಣ್ಣದೊಂದು ಗ್ಯಾಲರಿ ನಡೆಸುತ್ತಿದ್ದೇವೆ. ಒಂದೇ ಹಾಲ್, 50 ಅಡಿ ಉದ್ದ, 30 ಅಡಿ ಅಗಲ. ಚಿತ್ರ ಮಾರಾಟದ ದುಡ್ಡಿನಲ್ಲಿ ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ ಹೊರಡುವುದಿಲ್ಲ. ಈಗ ಜನ ಹಾಲ್ ಕೇಳಿಕೊಂಡು ಬರುತ್ತಿದ್ದಾರೆ. ವೈದ್ಯರ ಒಂದು ದಿನದ ಕಾನ್ಫರೆನ್ಸ್, ಪುಸ್ತಕ ಬಿಡುಗಡೆ, ಒಬ್ಬರು ಎಂಗೇಜ್‌ಮೆಂಟ್‌ಗೂ ಕೇಳಿದರು. ಕೊಡಬಹುದಾ? ಎಷ್ಟು ಜನ ಹಿಡಿಸುತ್ತದೆ? ಚಿತ್ರ ಗೋಡೆಯಲ್ಲಿ ಇರುವಾಗಲೇ ಮಾಡಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮಂಗಳೂರಿನಿಂದ, ಕಾರ್ಯಕ್ರಮ ಆಯೋಜನೆ ನನ್ನ ಕೆಲಸ

ಕೊಡಿ ಮೇಡಂ. ಆದರೆ ಹಾಲ್ ಕೇಳಿದವರಿಗೆಲ್ಲ ಕೊಡಬೇಡಿ. ಗ್ಯಾಲರಿಗೆ ಹೊಂದುವ ಕಾರ್ಯಕ್ರಮ ಬೇರೆ, ಟೌನ್‌ಹಾಲಿಗೆ ಹೊಂದುವುದು ಬೇರೆ.

ಮೊದಲು ಜನರ ಲೆಕ್ಕ. 50ಕ್ಕೆ 30 ಅಂದರೆ 1500 ಚದರ ಅಡಿ. ಕುರ್ಚಿ ಹಾಕಿದರೆ ಒಬ್ಬರಿಗೆ 8ರಿಂದ 10 ಚದರ ಅಡಿ ಸಾಕು, ಹಾಗಾಗಿ 150 ಜನ ಕೂರಬಹುದು ಅಂತ ಕೇಳುವವರು ವಾದ ಮಾಡುತ್ತಾರೆ. ಒಪ್ಪಬೇಡಿ. ನಾಲ್ಕೂ ಗೋಡೆಯಿಂದ 3 ಅಡಿ ಬಿಡಲೇಬೇಕು. ಆಗ ಉಳಿಯುವುದು 44ಕ್ಕೆ 24, ಸುಮಾರು 1050 ಚದರ ಅಡಿ. ಅದರಲ್ಲಿ ವೇದಿಕೆಗೆ 10 ಅಡಿ ಹೋಯಿತು, ನಡುವೆ ಓಡಾಡುವ ದಾರಿ ಹೋಯಿತು. ಕೊನೆಗೆ 70 ಕುರ್ಚಿ. ಕಾನ್ಫರೆನ್ಸಿನವರು ಬರೆಯುವುದಕ್ಕೆ ಟೇಬಲ್ ಬೇಕು ಅಂದರೆ 35-40 ಜನ, ಅಷ್ಟೇ.

ಆ 3 ಅಡಿ ಯಾಕೆ ಅಂದರೆ, ಚಿತ್ರಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಬೆನ್ನಿನಿಂದ. ಯಾರೋ ಮಾತಾಡುತ್ತಾ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಇರುತ್ತದೆ. ಬ್ಯಾಗ್‌ಗಳನ್ನು ಬಾಗಿಲಲ್ಲೇ ಟೋಕನ್ ಕೊಟ್ಟು ಇಡಿಸಿಕೊಳ್ಳಿ. ಮಳೆಗಾಲದಲ್ಲಿ ಕೊಡೆಗೂ ಅದೇ ನಿಯಮ. ನೋಂದಣಿ ಟೇಬಲ್ ಹೊರಗೆ ವರಾಂಡದಲ್ಲಿರಲಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನುಗ್ಗುವ ಜಾಗ ಅದೊಂದೇ.

ಊಟ ಒಳಗೆ ಬೇಡ. ಇದರಲ್ಲಿ ರಾಜಿ ಮಾಡಬೇಡಿ. ಬಫೆ ಪಾತ್ರೆಯ ಹಬೆ, ಸಾಂಬಾರಿನ ಅರಿಶಿನ, ಗೋಳಿಬಜೆ ಹಿಡಿದ ಎಣ್ಣೆ ಕೈ, ಮೂರೂ ಕ್ಯಾನ್‌ವಾಸಿಗೆ ಶತ್ರುಗಳು. ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಅಥವಾ ಪಕ್ಕದ ಹೋಟೆಲಿನವರ ಹತ್ತಿರ ಮಾತಾಡಿ. ಉಡುಪಿಯಲ್ಲಿ ಊಟಕ್ಕೆ ಜಾಗ ಹುಡುಕುವುದು ಕಷ್ಟವಾ?

ಇನ್ನು ದೀಪ. ನಮ್ಮಲ್ಲಿ ದೀಪ ಹಚ್ಚದೆ ಕಾರ್ಯಕ್ರಮ ಶುರುವಾಗುವುದಿಲ್ಲ. ಎಣ್ಣೆ ದೀಪದ ಮಸಿ ಚಿತ್ರಕ್ಕೆ ಒಳ್ಳೆಯದಲ್ಲ, ಹೊಗೆಗೆ ಅಲಾರಾಂ ಕೂಗುವುದೂ ಉಂಟು. ಇದಕ್ಕೆ ನಮ್ಮ ಊರಿನಲ್ಲೇ ಚಂದದ ದಾರಿ ಇದೆ. ಹಿಂಗಾರ (ಅಡಿಕೆಯ ಹೂಗೊಂಚಲು) ಅರಳಿಸಿ ಉದ್ಘಾಟಿಸಲಿ, ಭತ್ತ ಅಳೆಯುವ ಕಳಸೆಗೆ ಭತ್ತ ಸುರಿಯಲಿ, ಇಲ್ಲವೇ ಅತಿಥಿಗಳು ಖಾಲಿ ಕ್ಯಾನ್‌ವಾಸಿನ ಮೇಲೆ ಒಂದೊಂದು ಗೆರೆ ಎಳೆಯಲಿ. ದೀಪವೇ ಬೇಕು ಅನ್ನುವವರಿಗೆ ಬಾಗಿಲ ಹೊರಗೆ ಹಚ್ಚಿ ಒಳಗೆ ಬನ್ನಿ ಅನ್ನಿ.

ಎಂಗೇಜ್‌ಮೆಂಟ್, ಮೆಹಂದಿ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಯಾವುದೂ ಬೇಡ. ಸಂಭ್ರಮದ ಮನೆಯಲ್ಲಿ "ಗೋಡೆ ಹತ್ತಿರ ಹೋಗಬೇಡಿ" ಅಂತ ಹೇಳಿಕೊಂಡು ನಿಲ್ಲುವುದಕ್ಕೆ ಆಗುತ್ತದಾ? ರೋಸ್‌ನಲ್ಲಿ ತೆಂಗಿನ ಹಾಲು, ಎಣ್ಣೆ ಎಲ್ಲ ಎರಚಾಡುತ್ತಾರೆ. ಅವರ ಖುಷಿಗೂ ಅಡ್ಡಿ, ನಿಮ್ಮ ಚಿತ್ರಕ್ಕೂ ಅಪಾಯ.

ಒಬ್ಬ ಚಿತ್ರಕಲಾವಿದ, ಮಂಗಳೂರು

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಗೋಡೆಯ ಕಡೆಯಿಂದ ಮಾತಾಡುತ್ತೇನೆ.

ಒಂದು ಪ್ರದರ್ಶನಕ್ಕೆ ಕಲಾವಿದ ವರ್ಷಗಟ್ಟಲೆ ಕೆಲಸ ಮಾಡಿರುತ್ತಾನೆ. ಒಂದು ವಾರಕ್ಕೆ ಗೋಡೆ ಬಾಡಿಗೆಗೆ ತಗೊಂಡಿರುತ್ತಾನೆ. ಅದರಲ್ಲಿ ಒಂದು ಭಾನುವಾರ ಕಾನ್ಫರೆನ್ಸಿಗೆ ಹೋದರೆ ನೋಡುವವರು ಬಾಗಿಲಿಂದಲೇ ವಾಪಸ್. ಹಾಗಾಗಿ ಪ್ರದರ್ಶನ ಇರುವಾಗ ಹಾಲ್ ಕೊಡುವುದಿದ್ದರೆ ಕಲಾವಿದನ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಬಾಡಿಗೆಯಲ್ಲಿ ಅವನಿಗೂ ಒಂದು ಪಾಲು ಕೊಡಿ. ಸಭೆಗೆ ಬಂದವರಿಗೆ ಚಿತ್ರ ನೋಡುವುದಕ್ಕೆ ಅಂತಲೇ ಅರ್ಧ ಗಂಟೆ ಇಡಿಸಿ, ಕಲಾವಿದ ಅಲ್ಲೇ ನಿಂತು ಮಾತಾಡಲಿ. ಚಿತ್ರ ಬರೀ ಹಿಂದಿನ ಪರದೆ ಆಗಬಾರದು. ಗ್ಯಾಲರಿಯಲ್ಲಿ ಸಭೆ ಮಾಡುವುದೇ ಅದಕ್ಕೆ ಅಲ್ವಾ?

ತೇವದ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಒಳಗೆ ಇಟಲಿಯ ಅಂತೋನಿಯೊ ಮೊಶೆನಿ 19ನೇ ಶತಮಾನದ ಕೊನೆಗೆ ಬರೆದ ಚಿತ್ರಗಳನ್ನು ನೋಡಿರುತ್ತೀರಿ. ಅವನ್ನು ಉಳಿಸುವುದಕ್ಕೆ 1990ರ ದಶಕದಲ್ಲಿ ದೊಡ್ಡ ಮಟ್ಟದ ಸಂರಕ್ಷಣೆಯ ಕೆಲಸವೇ ನಡೆಯಬೇಕಾಯಿತು. ಮಳೆಗಾಲದಲ್ಲಿ ಹೊರಗಿನ ತೇವ ಶೇ. 85-90 ಇರುತ್ತದೆ. ಚಿತ್ರಕ್ಕೆ ಹಿತ ಶೇ. 50ರ ಆಚೀಚೆ. ಅಷ್ಟಕ್ಕೆ ಇಳಿಸುವುದು ಸಣ್ಣ ಗ್ಯಾಲರಿಗೆ ಕಷ್ಟ, ನನಗೂ ಗೊತ್ತು. ಆದರೆ ಏರಿಳಿತ ತಪ್ಪಿಸಬಹುದು. ಬೆಳಿಗ್ಗೆ ಎಸಿ ಜೋರು ಮಾಡಿ ಸಂಜೆ ಪೂರ್ತಿ ಬಂದ್ ಮಾಡಿದರೆ ಕ್ಯಾನ್‌ವಾಸ್ ಬಿಗಿಯಾಗಿ ಮತ್ತೆ ಸಡಿಲಾಗುತ್ತದೆ, ಕಾಗದ ಅಲೆಅಲೆಯಾಗಿ ಏಳುತ್ತದೆ. ಕಾರ್ಯಕ್ರಮದ ಹಿಂದಿನ ರಾತ್ರಿಯಿಂದಲೇ ಎಸಿಯನ್ನು ಮೆಲ್ಲಗೆ ಓಡಿಸಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಿ. ಜಲವರ್ಣ, ಹಳೆಯ ಛಾಯಾಚಿತ್ರ ಗೋಡೆಯಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಸಭೆ ಬೇಡವೇ ಬೇಡ.

ಬೆಳಕೂ ಹಾಗೆ. ಜಲವರ್ಣಕ್ಕೆ 50 ಲಕ್ಸ್ (ಬೆಳಕಿನ ಅಳತೆ), ತೈಲವರ್ಣಕ್ಕೆ 150-200 ಲಕ್ಸ್ ಅಂತ ಮಿತಿ ಇಟ್ಟುಕೊಳ್ಳುತ್ತಾರೆ. ನೋಟ್ಸ್ ಬರೆಯುವ ಸಭೆಗೆ 300ಕ್ಕೂ ಜಾಸ್ತಿ ಬೇಕು. ನಡುವೆ ಕುರ್ಚಿಗಳ ಮೇಲೆ ಬೀಳುವ ಬೆಳಕು, ಗೋಡೆಯ ಬೆಳಕು ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರಲಿ. ವಿಡಿಯೋದವರ ಹಳೆಯ ಹ್ಯಾಲೊಜನ್ ದೀಪಗಳನ್ನು ಒಳಗೇ ಬಿಡಬೇಡಿ.

ಸೌಂಡ್ ಕೆಲಸ ಮಾಡುವವನು, ಸುರತ್ಕಲ್

ಗ್ಯಾಲರಿ ಅಂದರೆ ಬರೀ ಗೋಡೆ, ಗ್ರಾನೈಟ್ ನೆಲ. ಎಕೋ ಗ್ಯಾರಂಟಿ. ವಾಲ್ಯೂಮ್ ಜಾಸ್ತಿ ಮಾಡಿದರೆ ಇನ್ನೂ ಅರ್ಥವಾಗುವುದಿಲ್ಲ. ನೆಲಕ್ಕೆ ಜಮಖಾನ ಹಾಸಿ, ಹಿಂದಿನ ಬಾಗಿಲಿಗೆ ದಪ್ಪ ಪರದೆ ಬಿಡಿ. ದೊಡ್ಡ ಬಾಕ್ಸ್ ಬೇಡ ಮಾರಾಯ್ರೆ, ಸಣ್ಣ ಕಾಲಮ್ ಸ್ಪೀಕರ್ ಸಾಕು. ಮುಂದೆ ಎರಡು, ನಡುವೆ ಎರಡು, ಮೆಲ್ಲಗೆ. ಗೋಡೆಗೆ ಒರಗಿಸಬಾರದು, ಬೇಸ್‌ಗೆ ಫ್ರೇಮ್ ನಡುಗುತ್ತದೆ. ಕಾಲರ್ ಮೈಕ್‌ಗಿಂತ ಕೈಯಲ್ಲಿ ಹಿಡಿಯುವ ಮೈಕ್ ಒಳ್ಳೆಯದು.

ಪ್ರೊಜೆಕ್ಟರ್ ಹಾಕಿದರೆ ಹಾಲ್ ಕತ್ತಲೆ ಮಾಡಬೇಕು, ಆಗ ಜನ ತಡವರಿಸಿ ಗೋಡೆಗೆ ಹೋಗುತ್ತಾರೆ. 85 ಇಂಚಿನ ಟಿವಿ ಸ್ಟ್ಯಾಂಡ್ ಮೇಲೆ ಇಡಿ, 20 ಅಡಿಯವರೆಗೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಹಿಂದಿನ ಸಾಲಿಗೆ ನಡುವೆ ಇನ್ನೊಂದು. ವೈರ್ ಎಲ್ಲ ನೆಲಕ್ಕೆ ಟೇಪ್ ಹಾಕಿ ಕೂರಿಸಿ, ಗೋಡೆಗೆ ಟೇಪ್ ಮುಟ್ಟಿಸಬೇಡಿ, ಪೇಂಟ್ ಕಿತ್ತುಕೊಂಡು ಬರುತ್ತದೆ. ಬ್ಯಾನರ್ ಕೂಡ ಸ್ಟ್ಯಾಂಡಿಯಲ್ಲಿ ಮಾತ್ರ.

ಕರೆಂಟ್ ನೋಡಿಕೊಳ್ಳಿ. ಒಬ್ಬ ಮನುಷ್ಯ ಸುಮ್ನೆ ಕೂತರೂ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. 70 ಜನರಿಗೆ 7 ಕಿಲೋವ್ಯಾಟ್. ಅಂದರೆ ಜನರ ಬಿಸಿಗೇ ಎರಡು ಟನ್ ಎಸಿ ಬೇಕು. ಕಟ್ಟಡದ ಬಿಸಿ ಬೇರೆ. ಅದರ ಮೇಲೆ ಚಾ ಕೆಟಲ್ ಹಾಕಿದರೆ ಎಂಸಿಬಿ ಸ್ವಿಚ್ ಹಾರಿ ಕರೆಂಟ್ ಹೋಗುತ್ತದೆ. ಮೆಸ್ಕಾಂ ಬಿಲ್ಲಿನಲ್ಲಿ ನಿಮಗೆ ಮಂಜೂರಾದ ಲೋಡ್ ಎಷ್ಟು ಅಂತ ಮೊದಲು ನೋಡಿ.

ಕಾಲೇಜು ಉಪನ್ಯಾಸಕಿ, ಮಣಿಪಾಲ

ನಾನು ಹಾಲ್ ತಗೊಂಡವಳ ಕಡೆ. ಒಂದು ವಿಚಾರ ಸಂಕಿರಣಕ್ಕೆ ನಾವು ಗ್ಯಾಲರಿ ತಗೊಂಡಿದ್ದೆವು. ಬಂದವರು ಬಿಡುವಿನಲ್ಲಿ ಮೊಬೈಲ್ ನೋಡುವ ಬದಲು ಚಿತ್ರದ ಮುಂದೆ ನಿಂತು ಮಾತಾಡಿದರು. ಪರಿಚಯವೇ ಇಲ್ಲದವರು ಕೂಡ. ಹೋಟೆಲ್ ಹಾಲ್‌ನಲ್ಲಿ ಇದು ನಾನು ಕಂಡದ್ದಿಲ್ಲ. ಹಾಗಾಗಿ ದಯವಿಟ್ಟು ಕೊಡುವುದನ್ನು ನಿಲ್ಲಿಸಬೇಡಿ.

ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಭಾಷಣ, ಸಿನಿಮಾಕ್ಕೆ ಬೇರೆಯೇ ಸಭಾಂಗಣ ಇದೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಅನ್ನುವ ಕಲೆ, ಛಾಯಾಚಿತ್ರಗಳ ಮ್ಯೂಸಿಯಂನಲ್ಲೂ ಹಾಗೆಯೇ. ನಮ್ಮಲ್ಲಿ ಸಣ್ಣ ಗ್ಯಾಲರಿಗಳಿಗೆ ಅಷ್ಟು ಜಾಗ ಎಲ್ಲಿದೆ? ಜಾಗ ಬೇರೆ ಮಾಡಲು ಆಗದಿದ್ದರೆ ಸಮಯ ಬೇರೆ ಮಾಡಿ. ಎರಡು ಪ್ರದರ್ಶನಗಳ ನಡುವೆ ಗೋಡೆ ಖಾಲಿ ಇರುವ ದಿನಗಳನ್ನು ದೊಡ್ಡ ಸಭೆಗೆ ಇಡಿ. ಚಿತ್ರ ಇರುವಾಗ 30-40 ಜನರ ಉಪನ್ಯಾಸ, ಕವಿಗೋಷ್ಠಿ. ಮಂಗಳೂರಿನ ಬಲ್ಲಾಳ್‌ಬಾಗ್‌ನ ಕೊಡಿಯಾಲ್‌ಗುತ್ತು ಕಲಾ ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಹಳೆಯ ಗುತ್ತಿನ ಮನೆಯಲ್ಲಿ ಪ್ರದರ್ಶನವೂ ನಡೆಯುತ್ತದೆ, ಮಾತುಕತೆಯೂ ನಡೆಯುತ್ತದೆ.

ಕೃಷ್ಣ ಮಠದ ಪರ್ಯಾಯ, ವಿಟ್ಲಪಿಂಡಿ ಉತ್ಸವಗಳ ದಿನಗಳಲ್ಲಿ ಉಡುಪಿಯಲ್ಲಿ ಬುಕಿಂಗ್ ತಗೋಬೇಡಿ. ಪಾರ್ಕಿಂಗ್ ಸಿಗದೆ ಅತಿಥಿಗಳು ಅರ್ಧ ದಾರಿಯಲ್ಲಿ ಉಳಿಯುತ್ತಾರೆ.

ಮೊದಲು ಹೇಳಿದ ಆಯೋಜಕ, ಮತ್ತೆ

ಕಾಗದಪತ್ರದ ಮಾತು ಬಿಟ್ಟು ಹೋಗಿತ್ತು. ನಿಮ್ಮದು ಬಾಡಿಗೆ ಕಟ್ಟಡ ಅಂದಿರಿ. ಹಾಗಾದರೆ ಇನ್ನೊಬ್ಬರಿಗೆ ಹಾಲ್ ಕೊಡುವುದಕ್ಕೆ ಕಟ್ಟಡದವರ ಒಪ್ಪಿಗೆ ಬೇಕು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹಾಲ್ ಬಾಡಿಗೆಗೆ ಶೇ. 18. ಕಾರ್ಯಕ್ರಮಕ್ಕೆ ಮೊದಲು ಪ್ರತಿ ಚಿತ್ರದ ಫೋಟೊ ತೆಗೆದು, ಹಾಲ್ ತಗೊಂಡವರಿಂದ ಸಹಿ ಹಾಕಿಸಿ. ಆಮೇಲೆ ಗೀರು ಬಿದ್ದರೆ ಯಾವಾಗ ಬಿದ್ದದ್ದು ಅಂತ ಜಗಳ ಬರುವುದಿಲ್ಲ. ಠೇವಣಿ ಬೇರೆ ತಗೊಳ್ಳಿ. ಚಿತ್ರಗಳಿಗೆ ವಿಮೆ ಇದ್ದರೆ ಅದು ಸಭೆಯ ದಿನಕ್ಕೂ ಅನ್ವಯಿಸುತ್ತದಾ ಅಂತ ಕೇಳಿ ನೋಡಿ. ಮತ್ತೆ, ಸಭೆಯ ದಿನ ನಿಮ್ಮವರೇ ಇಬ್ಬರು ಹಾಲ್‌ನಲ್ಲಿ ಇರಬೇಕು. ಅದರ ಸಂಬಳವನ್ನೂ ಬಾಡಿಗೆಗೆ ಸೇರಿಸಿ, ನಾಚಿಕೆ ಪಡಬೇಡಿ.

ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನ ಜೊತೆ ಕೂತು ಪೂರ್ತಿ ಓದಿದೆ. ಎಂಗೇಜ್‌ಮೆಂಟ್‌ನವರಿಗೆ ಆಗುವುದಿಲ್ಲ ಅಂತ ಹೇಳಿದೆವು, ಅವರೂ ಬೇಸರ ಮಾಡಲಿಲ್ಲ. ವೈದ್ಯರಿಗೆ 70 ಕುರ್ಚಿ, ಗೋಡೆ ಖಾಲಿ ಇರುವ ವಾರದಲ್ಲಿ, ಊಟ ಹೊರಗೆ. ಪುಸ್ತಕ ಬಿಡುಗಡೆ ಮಾತ್ರ ಪ್ರದರ್ಶನದ ನಡುವೆಯೇ ಇಡುತ್ತೇವೆ. ಕಲಾವಿದರ ಹತ್ತಿರ ಮಾತಾಡಿ ಆಯಿತು, ಅವರು ಖುಷಿಯಿಂದ ಒಪ್ಪಿದರು. ಹಿಂಗಾರ ಅರಳಿಸಿಯೇ ಶುರು. ಕರಾರುಪತ್ರದ ಮಾದರಿ ಯಾರ ಹತ್ತಿರವಾದರೂ ಇದ್ದರೆ ಹಾಕಿ. ಕಾಲಿಗೆ ರಬ್ಬರ್ ಬುಶ್ ಇರುವ ಕುರ್ಚಿ ಉಡುಪಿಯಲ್ಲಿ ಬಾಡಿಗೆಗೆ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ.