ದೋಟಿಯ ಜಾಹೀರಾತು, ಮೂರು ಸಲ ಹೋದ ಹಣ: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ ಹತ್ತಿರದ ಅಡಿಕೆ ಬೆಳೆಗಾರ): ವಕೀಲರಿಗೆ ನಮಸ್ಕಾರ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಕಾಲ ಬಂತು, ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ. ನೆಲದಲ್ಲಿ ನಿಂತೇ ಮದ್ದು ಹೊಡೆಯುವ ಉದ್ದನೆಯ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ ಹುಡುಕುತ್ತಿದ್ದಾಗ ಜಾಲತಾಣವೊಂದರಲ್ಲಿ ಅರ್ಧ ದರದ ಜಾಹೀರಾತು ಕಂಡಿತು. ಶುಕ್ರವಾರ ಸಂಜೆ ಯುಪಿಐ ಮೂಲಕ 14,000 ರೂಪಾಯಿ ಮುಂಗಡ ಕಳುಹಿಸಿದೆ. ವಿಳಾಸ ಖಚಿತಪಡಿಸಲು ಒಂದು ಆ್ಯಪ್ ಹಾಕಿಕೊಳ್ಳಿ ಎಂದರು, ಹಾಕಿಕೊಂಡೆ. ಆಧಾರ್ ಮತ್ತು ಪಹಣಿಯ ಫೋಟೊವನ್ನೂ ಕೊಟ್ಟೆ. ರಾತ್ರಿ 8.20ಕ್ಕೆ ಖಾತೆಯಿಂದ 61,500 ಹೋಯಿತು. ಒಟಿಪಿಯನ್ನು ಯಾರಿಗೂ ಹೇಳಿಲ್ಲ. 8.40ಕ್ಕೆ ಬ್ಯಾಂಕಿನ ಸಹಾಯವಾಣಿಗೆ ತಿಳಿಸಿದೆ. ಆದರೂ 9.15ಕ್ಕೆ ಮತ್ತೆ 9,800 ಹೋಯಿತು. ಇಂದು, ಸೋಮವಾರ, ಬ್ಯಾಂಕಿಗೆ ಹೋದರೆ ತಪ್ಪು ನಿಮ್ಮದೇ ಎಂದರು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ (ವಕೀಲರು, ಶಿರಸಿ): ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಮುಂದೆ ಓದಿ. ಈ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ದೂರು ದಾಖಲಾದರೆ, ಎಲ್ಲಿ ಉಳಿದಿದೆಯೋ ಅಲ್ಲಿಯೇ ತಡೆಹಿಡಿಯಲು ಆಯಾ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಮನೆಯಲ್ಲಿಯೂ ಇಂದೇ ಹೇಳಿ. ನಾಚಿಕೆಪಡಬೇಕಾದವರು ನೀವಲ್ಲ.

ನಿಮ್ಮ ಮೂರು ಮೊತ್ತಗಳನ್ನು ಒಟ್ಟಿಗೆ ಸೇರಿಸಿ ದೂರು ಬರೆಯಬೇಡಿ. ಕಾನೂನಿನ ಕಣ್ಣಿಗೆ ಅವು ಮೂರೂ ಬೇರೆ.

14,000 ರೂಪಾಯಿಗೆ ಪಿನ್ ಒತ್ತಿದವರು ನೀವೇ, ಹಾಗಾಗಿ ಬ್ಯಾಂಕನ್ನು ಹೊಣೆ ಮಾಡುವುದು ಕಷ್ಟ. ಅದು ನೇರ ವಂಚನೆಯ ಪ್ರಕರಣ: ಭಾರತೀಯ ನ್ಯಾಯ ಸಂಹಿತೆಯ 318(4)ರಡಿ ಏಳು ವರ್ಷದವರೆಗೆ ಸೆರೆ, ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಡಿ ಅಡಿ ಮೂರು ವರ್ಷದವರೆಗೆ ಸೆರೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ.

61,500 ರೂಪಾಯಿ ನಿಮ್ಮ ಒಪ್ಪಿಗೆಯಿಲ್ಲದೆ ಹೋದದ್ದು. ಆ ಆ್ಯಪ್ ನಿಮ್ಮ ಮೊಬೈಲ್ ಪರದೆಯನ್ನು ಅವರಿಗೆ ತೋರಿಸುತ್ತಿದ್ದಿರಬೇಕು. ಹಾಗಿದ್ದರೆ ಒಟಿಪಿಯನ್ನು ನೀವು ಹೇಳುವ ಅಗತ್ಯವೇ ಇರಲಿಲ್ಲ, ಅವರೇ ಓದಿಕೊಂಡರು. ಇಂಥ ವಹಿವಾಟಿಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿಕೊಟ್ಟ ನಿಯಮವಿದೆ. ಗ್ರಾಹಕನ ಅಜಾಗರೂಕತೆಯಿಂದ ನಷ್ಟವಾಗಿದ್ದರೆ, ತಿಳಿಸುವವರೆಗಿನ ನಷ್ಟ ಗ್ರಾಹಕನದು. ಆದರೆ ಅಜಾಗರೂಕತೆಯನ್ನು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಕೌಂಟರಿನಲ್ಲಿ ಬಾಯಿಮಾತಿಗೆ ‘ತಪ್ಪು ನಿಮ್ಮದು’ ಎಂದರೆ ಸಾಬೀತಾಗುವುದಿಲ್ಲ, ಲಿಖಿತ ಉತ್ತರ ಕೇಳಿ. ಆ್ಯಪ್ ಹಾಕಿಕೊಂಡದ್ದನ್ನೇ ಬ್ಯಾಂಕಿನವರು ನಿಮ್ಮ ಅಜಾಗರೂಕತೆ ಎಂದು ಎತ್ತಿ ತೋರಿಸುತ್ತಾರೆ. ಈ ಮೊತ್ತದ ಬಗ್ಗೆ ನಾನು ಹುಸಿ ಭರವಸೆ ಕೊಡಲಾರೆ.

9,800ರ ವಿಷಯದಲ್ಲಿ ಮಾತ್ರ ಪಟ್ಟು ಸಡಿಲಿಸಬೇಡಿ. 8.40ಕ್ಕೆ ನೀವು ತಿಳಿಸಿದ ಮೇಲೆ ಆದ ನಷ್ಟ ಅದೇ ನಿಯಮದಂತೆ ಬ್ಯಾಂಕಿನದು. ನಿಮ್ಮ ಮೊಬೈಲಿನ ಕರೆಪಟ್ಟಿಯಲ್ಲಿರುವ ಆ ಒಂದು ಸಾಲು ಈಗ ಜಮೀನಿನ ಕಾಗದದಷ್ಟೇ ಮುಖ್ಯ. ಅದನ್ನು ಅಳಿಸಬೇಡಿ. ಬ್ಯಾಂಕ್ 90 ದಿನದೊಳಗೆ ದೂರನ್ನು ತೀರ್ಮಾನಿಸಬೇಕು. 30 ದಿನವಾದರೂ ಉತ್ತರವೇ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ.

ಪ್ರಶ್ನೆ (ಅದೇ ಬೆಳೆಗಾರ): 1930ಕ್ಕೆ ಹೇಳಿದೆ, ಸ್ವೀಕೃತಿ ಸಂಖ್ಯೆ ಬಂದಿದೆ. ಇನ್ನು ಈ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೆ ಹೋಗಲೇಬೇಕೇ? ಜಾಹೀರಾತು ತೋರಿಸಿದ ಜಾಲತಾಣಕ್ಕೆ ಏನೂ ಹೊಣೆಯಿಲ್ಲವೇ?

ಉತ್ತರ: ಹತ್ತಿರದ ಠಾಣೆಯಲ್ಲಿಯೇ ಕೊಡಿ. ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಬೇರೆಯವರ ಜಾಹೀರಾತಿಗೆ ಜಾಲತಾಣವನ್ನು ಹೊಣೆ ಮಾಡಲು ಐಟಿ ಕಾಯ್ದೆಯ 79ನೇ ಕಲಮು ಅಡ್ಡ ಬರುತ್ತದೆ. ಆ ರಕ್ಷಣೆ ಷರತ್ತಿಲ್ಲದ್ದೇನಲ್ಲ. ಅವರ ಕುಂದುಕೊರತೆ ಅಧಿಕಾರಿಗೆ ಜಾಹೀರಾತಿನ ಕೊಂಡಿ ಸಹಿತ ದೂರು ಕೊಡಿ. ಅದು ಇನ್ನೂ ಓಡುತ್ತಿದ್ದರೆ ಯಲ್ಲಾಪುರದಲ್ಲೋ ಸಿದ್ದಾಪುರದಲ್ಲೋ ಮತ್ತೊಬ್ಬರು ಇದೇ ದೋಟಿಗೆ ಮುಂಗಡ ಕಟ್ಟುತ್ತಿರುತ್ತಾರೆ, ನನಗೆ ಅದೇ ಸಂಕಟ. ಆಧಾರ್ ಬಯೊಮೆಟ್ರಿಕ್ ಅನ್ನು ಲಾಕ್ ಮಾಡಿ. ನಿಮ್ಮ ಹೆಸರಿನಲ್ಲಿ ಬೇರೆ ಸಿಮ್ ಇದೆಯೇ ಎಂದು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನೋಡಿ. ಪರದೆಯ ಚಿತ್ರಗಳನ್ನೆಲ್ಲ ತೆಗೆದಿಟ್ಟುಕೊಂಡು ಆ ಆ್ಯಪನ್ನು ತೆಗೆಯಿರಿ. ಆದರೆ ಇಡೀ ಮೊಬೈಲನ್ನು ಅಳಿಸಬೇಡಿ, ಸಾಕ್ಷ್ಯ ಹೋಗುತ್ತದೆ.

ಪ್ರಶ್ನೆ (ಗೋಕರ್ಣದ ಹೋಂಸ್ಟೇ ನಡೆಸುವವರು): ಅತಿಥಿಯೊಬ್ಬರು ಕಳುಹಿಸಿದ 6,000 ರೂಪಾಯಿ ವಂಚನೆಯ ಹಣವಂತೆ. ಬೇರೆ ರಾಜ್ಯದ ಪೊಲೀಸರ ಸೂಚನೆಯೆಂದು ನನ್ನ ಇಡೀ ಖಾತೆಯನ್ನೇ ನಿಲ್ಲಿಸಿದ್ದಾರೆ.

ಉತ್ತರ: ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತ ಎಂಬುದನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ತಂಗಿದ್ದಕ್ಕೆ ರಸೀದಿ ಮತ್ತು ಅತಿಥಿಗಳ ದಾಖಲೆ ಪುಸ್ತಕದ ಪ್ರತಿಯನ್ನು ಆ ಠಾಣೆಗೆ ಕಳುಹಿಸಿ, ತಡೆಯನ್ನು 6,000ಕ್ಕೆ ಮಾತ್ರ ಸೀಮಿತಗೊಳಿಸಲು ಕೇಳಿ. ಶಂಕಿತ ಮೊತ್ತಕ್ಕಷ್ಟೇ ತಡೆ ಇರಲಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಆದೇಶಿಸಿದೆ. ಒಪ್ಪದಿದ್ದರೆ ಕಾಗದಪತ್ರ ತೆಗೆದುಕೊಂಡು ಬನ್ನಿ, ಅರ್ಜಿ ಬರೆದುಕೊಡುತ್ತೇನೆ.