ಕಸೂತಿ ಹಾಕುತ್ತಿದ್ದಾಕೆ ಕಡಲಜೀವಿಗಳ ವಿಜ್ಞಾನಿ: ಮಗಳ ಮಾಡೆಲ್‌ಗೆ ಸಹಾಯ ಬೇಕು

ಗುಳೇದಗುಡ್ಡದ ಟೇಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗುಳೇದಗುಡ್ಡದಲ್ಲಿ ಖಣದ ಜಂಪರ್ ಹೊಲಿಯುತ್ತೇನೆ. ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ಆರಿಸಿಕೊಂಡಿದ್ದು ಕಡಲಜೀವಿಗಳ ವಿಜ್ಞಾನಿ ಝಾನ್ ವಿಲ್‌ಪ್ರೊ-ಪವರ್ ಅವರನ್ನು.

ಈಕೆ 1794ರಲ್ಲಿ ಫ್ರಾನ್ಸಿನ ಜುಯಾಕ್‌ನಲ್ಲಿ ಹುಟ್ಟಿದವರು. ತಂದೆ ಬೂಟು ಹೊಲಿಯುತ್ತಿದ್ದರು. 18ನೇ ವಯಸ್ಸಿಗೆ ಪ್ಯಾರಿಸಿಗೆ ನಡೆದುಕೊಂಡೇ ಹೋದರಂತೆ, 400 ಕಿಲೋಮೀಟರಿಗಿಂತ ಜಾಸ್ತಿ. ನಮ್ಮೂರಿಂದ ಬೆಂಗಳೂರಿಗೆ ಹೋದ ಹಾಗೆ! ಅಲ್ಲಿ ಹೊಲಿಗೆ ಕೆಲಸಕ್ಕೆ ಸೇರಿ, 1816ರಲ್ಲಿ ರಾಜಕುಮಾರಿ ಕ್ಯಾರೊಲಿನ್‌ಳ ಮದುವೆ ಉಡುಪಿಗೆ ಕಸೂತಿ ಹಾಕಿದರು. ಆಮೇಲೆ ಜೇಮ್ಸ್ ಪವರ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ಹೋದರು.

ಶಾಲೆಯಲ್ಲಿ ಒಬ್ಬರು "ಬಟ್ಟೆ ಹೊಲಿಯುವವಳ ಕಥೆ ಬೇಡ, ನಿಜವಾದ ವಿಜ್ಞಾನಿಯನ್ನು ತಗೋ" ಅಂದರಂತೆ. ಮಗಳು ಮನೆಗೆ ಬಂದವಳೇ ನನ್ನ ಮಷಿನ್ ಪಕ್ಕ ಸುಮ್ನೆ ಕೂತುಬಿಟ್ಟಳು. ನನಗೆ ಆ ದಿನ ಒಂದು ತೋಳೂ ಸರಿಯಾಗಿ ಕೂಡಿಸಲು ಆಗಲಿಲ್ಲ.

ಅಕ್ವೇರಿಯಂ ಮಾಡಿದ್ದು ಈಕೆಯೇ ಅಂತ ಧೈರ್ಯವಾಗಿ ಹೇಳಬಹುದಾ? ಆರ್ಗೊನಾಟ್ ಎಂಬ ಕಡಲಜೀವಿ ತನ್ನ ಚಿಪ್ಪನ್ನು ತಾನೇ ಮಾಡಿಕೊಳ್ಳುತ್ತದೆ ಅಂತ ಹೇಗೆ ತೋರಿಸಿಕೊಟ್ಟರು? ಸಮುದ್ರ ನೋಡದ ಮಕ್ಕಳಿಗೆ ತಿಳಿಯುವ ಹಾಗೆ ಹೇಳಿ.

ವಿಜಯಪುರದ ಬಯಾಲಜಿ ಮಾಸ್ತರ್:

ಅಕ್ಕಾರೇ, ಧೈರ್ಯವಾಗಿ ಹೇಳಲಿ. ತೊಟ್ಟಿಯಲ್ಲಿ ಮೀನು ಸಾಕುವುದು ಬಹಳ ಹಳೆಯದು. ಆದರೆ ಕಡಲಿನ ಜೀವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿನವೂ ನೋಡಿ ಬರೆದಿಡುವುದಕ್ಕೆ ದಾರಿ ಮಾಡಿದ್ದು ಈಕೆ, 1832ರಲ್ಲಿ. ಕಡಲಲ್ಲೇ ಇಳಿಬಿಡುವ ಪಂಜರಗಳನ್ನೂ ಮಾಡಿಸಿದ್ದರು.

ಆರ್ಗೊನಾಟ್ ಅಂದರೆ ಆಕ್ಟೋಪಸ್‌ನದೇ ಒಂದು ಬಗೆ, ಮೆತ್ತನೆ ಮೈಯ, ಎಂಟು ತೋಳಿನ ಜೀವಿ. ಹೆಣ್ಣಿಗೆ ಮಾತ್ರ ಚಿಪ್ಪು, ಅದೂ ಕಾಗದದಷ್ಟು ತೆಳು. ಮೊಟ್ಟೆ ಇಟ್ಟುಕೊಳ್ಳುವುದು ಅದರಲ್ಲೇ. ಚಿಪ್ಪು ಮೈಗೆ ಅಂಟಿರುವುದಿಲ್ಲ. ಹಾಗಾಗಿ, ಕೆಲವು ಏಡಿಗಳು ಖಾಲಿ ಶಂಖದಲ್ಲಿ ಸೇರಿಕೊಳ್ಳುವ ಹಾಗೆ ಇದೂ ಬೇರೆಯವರ ಚಿಪ್ಪಿನಲ್ಲಿ ಬಾಡಿಗೆಗಿದೆ ಎಂದು ದೊಡ್ಡ ದೊಡ್ಡವರೇ ವಾದ ಮಾಡುತ್ತಿದ್ದರು.

ಈಕೆ ಮಾಡಿದ್ದು ನೋಡಿ. ಜೀವಂತ ಆರ್ಗೊನಾಟ್‌ನ ಚಿಪ್ಪನ್ನು ಸ್ವಲ್ಪ ಮುರಿದರು. ಕಾದರು. ಅದು ತನ್ನ ಎರಡು ತೋಳುಗಳ ಅಗಲವಾದ ಪದರವನ್ನು ಚಿಪ್ಪಿನ ಮೇಲೆ ಹೊದಿಸಿ, ಅಲ್ಲಿಂದಲೇ ಹೊಸ ಚಿಪ್ಪು ಒಸರಿಸಿ ಬಿರುಕು ಮುಚ್ಚಿತು. ಚಿಪ್ಪಿನ ಚೂರುಗಳನ್ನು ಹತ್ತಿರ ಇಟ್ಟರೆ ಅವನ್ನೇ ಎತ್ತಿ ತ್ಯಾಪಿ ಹಚ್ಚಿದ್ದೂ ಉಂಟು. ಮೊಟ್ಟೆಯಿಂದ ಬಂದ ಮರಿಗಳಿಗೆ ಚಿಪ್ಪೇ ಇರಲಿಲ್ಲ ಎಂಬುದನ್ನೂ ಕಂಡರು. ಅಲ್ಲಿಗೆ ವಾದ ಮುಗಿಯಿತು. ಸಿಸಿಲಿಯದೇ ಊರಾದ ಕತಾನಿಯಾದ ಜೊಯೇನಿಯಾ ಅಕಾಡೆಮಿ ಎಂಬ ವಿಜ್ಞಾನಿಗಳ ಸಂಘ ಆಕೆಯನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಅಲ್ಲಿ ಅವರೇ ಮೊದಲ ಮಹಿಳೆ. ಇನ್ನು ನಿಜವಾದ ವಿಜ್ಞಾನಿ ಅಂದರೆ ಯಾರು?

ಬೆಳಗಾವಿಯಿಂದ ಒಬ್ಬ ಓದುಗಿ:

ತಂಗಿ, ಒಂದು ಮಾತು ಸೇರಿಸಲು ಹೇಳು. ಸಿಸಿಲಿಯಿಂದ ಆಕೆಯ ಸಾಮಾನು ಹೊತ್ತು ಹೊರಟ ಹಡಗು ಮುಳುಗಿ, ಆಕೆ ಕೂಡಿಟ್ಟಿದ್ದ ಜೀವಿಗಳು, ಚಿತ್ರಗಳು ಬಹಳಷ್ಟು ನೀರುಪಾಲಾದವು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1871ರಲ್ಲಿ ಹುಟ್ಟೂರಲ್ಲೇ ತೀರಿಕೊಂಡರು. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಆಕೆಯ ಹೆಸರಿಟ್ಟರು. ಮಕ್ಕಳು ಇದನ್ನು ಕೇಳಿದರೆ ಕಿವಿ ನೆಟ್ಟಗೆ ಮಾಡುತ್ತಾರೆ.

ಗುಳೇದಗುಡ್ಡದ ಟೇಲರ್:

ಮಾಸ್ತರ್ರೇ, ಅಕ್ಕಾ, ಇಬ್ಬರಿಗೂ ಶರಣು. ತ್ಯಾಪಿ ಅಂದ ಕೂಡಲೇ ನನಗೆ ಎಲ್ಲಾ ತಿಳಿಯಿತು! ಹರಿದ ಖಣಕ್ಕೆ ಅದೇ ಖಣದ ತುಂಡು ಹಚ್ಚಿದರೆ ಕಣ್ಣಿಗೆ ಬೀಳುವುದಿಲ್ಲ. ಬೇರೆ ಬಟ್ಟೆ ಹಚ್ಚಿದರೆ ದೂರದಿಂದಲೇ ಗೊತ್ತಾಗುತ್ತದೆ.

ನಿನ್ನೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಬಸವನಹುಳು ಸಿಕ್ಕಿತು. ಚಿಪ್ಪಿನ ಬಾಯಿ ಹತ್ತಿರ ಬೆರಳಿನ ಉಗುರಿನಷ್ಟು ಒಡೆದ ಜಾಗ. ಅದರ ಮೇಲೆ ಗಂಜಿ ಕೆನೆಗಟ್ಟಿದ ಹಾಗೆ ತೆಳ್ಳನೆ ಪೊರೆ ಬಂದಿದೆ. ಮುಟ್ಟಿದರೆ ಇನ್ನೂ ಮೆತ್ತಗಿದೆ. ಇದನ್ನೇ ಮಕ್ಕಳಿಗೆ ತೋರಿಸಬಹುದಾ?

ವಿಜಯಪುರದ ಬಯಾಲಜಿ ಮಾಸ್ತರ್:

ಖಂಡಿತ ತೋರಿಸಲಿ ಅಕ್ಕಾರೇ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಬಸವನಹುಳು ಚಿಪ್ಪಿನೊಳಗಿರುವ ಮೈಯ ಅಂಚಿನ ಚರ್ಮದಿಂದ ಅದನ್ನು ಕಟ್ಟುತ್ತದೆ. ಆರ್ಗೊನಾಟ್ ತೋಳಿನಿಂದ ಕಟ್ಟುತ್ತದೆ. ಪ್ರದರ್ಶನ ಮುಗಿದ ಮೇಲೆ ಹುಳುವನ್ನು ಸಿಕ್ಕ ಜಾಗದಲ್ಲೇ ಬಿಟ್ಟುಬಿಡಿ.

ಗುಳೇದಗುಡ್ಡದ ಟೇಲರ್:

ಆಯ್ತು ಸರ್. ಮಾಡೆಲ್ ಶುರು ಮಾಡಿದ್ದೇವೆ. ಚಿಪ್ಪಿಗೆ ಗಂಜಿ ಹಾಕಿದ ಬಿಳಿ ಅಸ್ತರ್ ಬಟ್ಟೆ. ಅದರ ಮೇಲೆ ಹೊದಿಸುವ ಎರಡು ತೋಳಿಗೆ ಕೆಂಪು ಖಣದ ತುಂಡು. ಮಗಳೇ ಕತ್ತರಿಸಿದಳು. ಈಗ ಮಾಳಿಗೆ ಮೇಲೆ ಒಣಗಲು ಇಟ್ಟಿದ್ದಾಳೆ, ಗಾಳಿಗೆ ಹಾರದಂತೆ ನನ್ನ ಕತ್ತರಿಯನ್ನೇ ಭಾರಕ್ಕಿಟ್ಟು.